ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಒಣಸ್ನಾನ

ಅಬುಧಾಬಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಾಗಲೇ ಇಲ್ಲ. ರಜೆಯಲ್ಲಿ ಕಿನ್ನಿಗೋಳಿಗೆ ಬಂದಾಗ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದರೆ ಯಾರಾದರೊಬ್ಬರು ಕೇಳುತ್ತಿದ್ದರು, "ಹಿಲ್ಡಾ, ನೀನು ಅಲ್ಲಿ ಎಂತ ಮಾಡುವುದು?" ನಾನು "ಬಾತ್‌ರೂಮ್..." ಎನ್ನುವಷ್ಟರಲ್ಲಿ ಅಮ್ಮ ನಡುವೆ ಬಾಯಿ ಹಾಕಿ, "ಅವಳು ನಲ್ಲಿ ಕಂಪನಿಯಲ್ಲಿ ಆಫೀಸರ್" ಎಂದುಬಿಡುತ್ತಿದ್ದಳು. ಬಾತ್‌ರೂಮ್ ಎಂಬ ಶಬ್ದದ ನಂತರ ನಾನು ಏನು ಹೇಳಿದರೂ ಜನರಿಗೆ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನಾನು ಆಫೀಸರ್ ಆಗಿರಲಿಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಒಂದು ಅಡ್ಡರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಗೂ ಒಂದು ಕೆಫೆಟೇರಿಯಾಕ್ಕೂ ನಡುವೆ ಇದ್ದ ಬಾತ್‌ರೂಮ್ ಸಾಮಾನಿನ ಶೋರೂಮಿನಲ್ಲಿ ಸೇಲ್ಸ್ ಕೆಲಸ. ಅದರಲ್ಲೂ ಶವರ್ ವಿಭಾಗ. ಕೆಲಸ ಬಿಟ್ಟು ಊರಿಗೆ ಬಂದು ಕೂತಿದ್ದೇನೆ. ಈಗ ನನ್ನ ತಂಗಿಯ ಮಗಳು ಶೆರಿಲ್‌ಗೆ ದುಬೈಯ ಇಂಥದೇ ಒಂದು ಶೋರೂಮಿನಲ್ಲಿ ಕೆಲಸ ಸಿಕ್ಕಿದೆ. "ಮಾವ್ಶಿ, ಪ್ಲೀಸ್ ಗಿವ್ ಮಿ ಸಮ್ ಟಿಪ್ಸ್" ಎಂದು ವಾಟ್ಸಪ್ ಮಾಡಿದ್ದಳು. ನನ್ನ ಬೆರಳಿಗೆ ಆ ಸಣ್ಣ ಕೀಬೋರ್ಡ್ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಇಳಿಯುವ ಬೇರೆಯವರೂ ಓದಬಹುದು.

ಮೊದಲು ನಮ್ಮ ಮ್ಯಾನೇಜರರ ವಿಷಯ ಹೇಳಬೇಕು. ಫಾದಿ ಸಾಹೇಬರು ಬೈರೂತಿನವರು. ಎತ್ತರದ ಆಳು, ಬೇಸಿಗೆಯಲ್ಲೂ ಕೋಟು, ಟೈ, ಮೈತುಂಬ ಸೆಂಟು. ನಾನು ಸೇರಿದ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು, "ಮೇಡಂ ಹಿಲ್ಡಾ, ಶವರ್ ಮಾರುವುದು ಹಾರ್ಡ್‌ವೇರ್ ಅಂಗಡಿಯವರ ಕೆಲಸ. ನಾವು ಮಳೆ ಮಾರುತ್ತೇವೆ." ನಾನು ಕರಾವಳಿಯವಳು, ಮಳೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಇದ್ದಾರೆಂದು ನಂಬಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಅವರ ಜೀವವೆಲ್ಲ ಶೋರೂಮಿನ ನಡುವೆ ನಿಲ್ಲಿಸಿದ್ದ ಒಂದು ಶವರ್ ಕೋಣೆಯ ಮೇಲಿತ್ತು. ಅದಕ್ಕೆ ಅವರೇ 'ಸುಲ್ತಾನ' ಎಂದು ಹೆಸರಿಟ್ಟಿದ್ದರು. ಮೂರು ಕಡೆ ಗಾಜು, ಕನ್ನಡಿಯಂತೆ ಪಾಲಿಷ್ ಮಾಡಿದ ಕಪ್ಪು ಕಲ್ಲಿನ ನೆಲ, ಮೇಲೆ ಊಟದ ಹರಿವಾಣದಷ್ಟು ಅಗಲದ ಶವರ್, ಹಿಂದಿನ ಗೋಡೆಯಿಂದ ಮೈಗೆ ನೀರು ಚಿಮ್ಮಿಸುವ ಸಾಲು ತೂತುಗಳು, ನೀಲಿ ದೀಪ. ತೋರಿಸಲಿಕ್ಕೆಂದು ನಿಜವಾದ ನೀರಿನ ಸಂಪರ್ಕವನ್ನೂ ಕೊಟ್ಟಿದ್ದರು. ಅದೇ ಗೋಡೆಯ ಒಂದು ಬದಿಯಲ್ಲಿ ಬಟನ್‌ಗಳಿದ್ದವು. ಅವುಗಳ ಮೇಲೆ ಅಕ್ಷರವಿಲ್ಲ, ಬರೀ ಚಿತ್ರಗಳು: ಒಂದು ಹನಿ, ಒಂದು ಎಲೆ, ಒಂದು ಚಂದ್ರ. ಹನಿ ಒತ್ತಿದರೆ ಮೇಲಿನ ಶವರ್, ಎಲೆ ಒತ್ತಿದರೆ ದೀಪ. ಚಂದ್ರನನ್ನು ಯಾರೂ ಒತ್ತಿ ನೋಡಿರಲಿಲ್ಲ, ಏನಾಗುತ್ತದೆಂದು ಸ್ವತಃ ಫಾದಿ ಸಾಹೇಬರಿಗೂ ಗೊತ್ತಿರಲಿಲ್ಲ. ಗಿರಾಕಿಗಳು ಕೇಳಿದರೆ "ಅದು ನಿಮಗೆ ಮನೆಯಲ್ಲಿ ಸರ್‌ಪ್ರೈಸ್" ಎನ್ನುತ್ತಿದ್ದರು.

ಬೆಳಿಗ್ಗೆ ಶೋರೂಮ್ ತೆರೆಯುವ ಮೊದಲು ಸುಲ್ತಾನನನ್ನು ಒರೆಸುವ ಕೆಲಸ ಹೊಸಬರ ಪಾಲಿಗೆ. ಅಬುಧಾಬಿಯ ನೀರು ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ಕಪ್ಪು ಕಲ್ಲಿನ ಮೇಲಂತೂ ಒಂದೊಂದು ಹನಿಯೂ ಸುಣ್ಣದ ಬೊಟ್ಟು ಇಟ್ಟಂತೆ ಕಾಣುತ್ತದೆ. ಜಾರುವ ಗಾಜಿನ ಬಾಗಿಲಿನ ಕೆಳಗಿನ ಕಾಲುವೆಯಲ್ಲಿ ಕೊಳೆ ಕೂರುತ್ತದೆ. ಅಲ್ಲಿಗೆ ಬೆರಳೂ ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ನಾನು ಇಯರ್‌ಬಡ್ ಹಾಕಿ ತೆಗೆಯುತ್ತಿದ್ದೆ. ಸುಲ್ತಾನನನ್ನು ದಿನವೂ ಒರೆಸಿದವಳಿಗೆ ಅವನನ್ನು ಇನ್ನೊಬ್ಬ ಹೆಂಗಸಿನ ಮನೆಗೆ ಕಳಿಸಲು ಮನಸ್ಸು ಬರುವುದು ಕಷ್ಟ. ಶೆರಿಲ್, ಇದು ನಿನಗೆ ಮೊದಲ ಮಾತು. ಯಾವುದನ್ನು ಮಾರುತ್ತೀಯೋ ಅದನ್ನು ಒಂದು ವಾರ ನೀನೇ ತೊಳೆದು ನೋಡು.

ನಮ್ಮ ಫಿಟ್ಟರ್ ಹಮೀದಾಕ ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನರು. ಕಪಾಟಿನಂಥ ದೇಹ, ಆದರೆ ಸ್ಕ್ರೂ ಹಿಡಿದಾಗ ಬೆರಳು ಸೂಜಿ ಹಿಡಿದ ದರ್ಜಿಯದು. ನಮ್ಮಿಬ್ಬರ ಮಾತು ತುಳುವಿನಲ್ಲಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಹಿಂದೆ ದುಬೈಯ ಮುಹೈಸ್ನಾದ ಕೂಲಿಯವರ ಕ್ಯಾಂಪಿನಲ್ಲಿ ಇದ್ದವರು. "ಅಲ್ಲಿ ಎಂತ ಶವರ್ ಬಾಯಮ್ಮ! ತಲೆಗೆ ಸೋಪು ಹಚ್ಚುವಾಗ ಹೊರಗಿನವ ಬಾಗಿಲು ಬಡಿಯಲಿಕ್ಕೆ ಶುರು. ಯಲ್ಲಾ, ಯಲ್ಲಾ! ನಾನು ಎಷ್ಟೋ ದಿವಸ ಸೋಪಿನ ತಲೆಯಲ್ಲೇ ಬಸ್ ಹತ್ತಿದ್ದುಂಟು" ಎನ್ನುತ್ತಿದ್ದರು. ಸುಲ್ತಾನನ ಮುಂದೆ ಹಾದುಹೋಗುವಾಗಲೆಲ್ಲ ಅವರು ಒಮ್ಮೆ ನಿಂತು ತಲೆ ಅಲ್ಲಾಡಿಸುವರು. "ಇದರ ಒಳಗೆ ಸ್ನಾನ ಮಾಡಲಿಕ್ಕೆ ಮೊದಲು ಲೈಸೆನ್ಸ್ ತೆಗೀಬೇಕು."

ಗಾಜಿನ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದವರು ಉಡುಪಿಯ ಪ್ರಸಾದ್ ಮತ್ತು ಅವರ ಹೆಂಡತಿ ಸಂಧ್ಯಾ. ದುಬೈಯಲ್ಲಿ ಸ್ವಂತ ಫ್ಲ್ಯಾಟ್ ಕೊಂಡಿದ್ದರು. ಪರಿಚಯದವರು ಹೇಳಿದರೆಂದು ನಮ್ಮಲ್ಲಿಗೇ ಬಂದಿದ್ದರು. ಪ್ರಸಾದರಿಗೆ ನೆಲದಿಂದ ಸೂರಿನವರೆಗೆ ಗಾಜೇ ಬೇಕು. ಹೋಟೆಲಿನಲ್ಲಿ ಎಲ್ಲೋ ನೋಡಿ ಬಂದಿದ್ದರು.

ಸಂಧ್ಯಾ ಒಂದೇ ಪ್ರಶ್ನೆ ಕೇಳಿದರು, "ಒರೆಸುವುದು ಯಾರು?"

"ನಾನು ಒರೆಸ್ತೇನೆ ಮಾರಾಯ್ತಿ. ಸ್ನಾನ ಆದ ಕೂಡ್ಲೆ ವೈಪರ್ ಎಳೆದರೆ ಆಯ್ತಲ್ಲ? ದಿನಾ ನಾನೇ."

ಪಕ್ಕದಲ್ಲಿ ಫೋನ್ ನೋಡುತ್ತಿದ್ದ ಮಗಳು ತಲೆಯೆತ್ತದೆಯೇ ಹೇಳಿದಳು, "ಡ್ಯಾಡ್, ಯು ಡೋಂಟ್ ಈವನ್ ವೈಪ್ ದ ಟೇಬಲ್."

ಆದರೂ ಗಾಜೇ ಹೋಯಿತು. ಜೊತೆಗೆ ಒಂದು ವೈಪರನ್ನು ಫಾದಿ ಸಾಹೇಬರು ರಿಬ್ಬನ್ ಕಟ್ಟಿ ಪ್ರಸಾದರ ಕೈಗೇ ಉಡುಗೊರೆಯಾಗಿ ಕೊಟ್ಟರು. ಕೆಲವು ತಿಂಗಳ ನಂತರ ಸಂಧ್ಯಾ ಒಬ್ಬರೇ ಬಂದರು. ಅವರ ತಂಗಿಯ ಮನೆಗೆ ಶವರ್ ಬೇಕಿತ್ತಂತೆ. "ನಿಮ್ಮ ಗಾಜು ಹೇಗಿದೆ?" ಎಂದು ನಾನು ಸ್ವಲ್ಪ ಹೆದರುತ್ತಲೇ ಕೇಳಿದೆ.

"ಫಸ್ಟ್ ಕ್ಲಾಸ್ ಉಂಟು. ಒಂದು ಚುಕ್ಕೆ ಇಲ್ಲ."

"ಹಾಗಾದರೆ ಅವರು ದಿನಾ ಒರೆಸುತ್ತಾರಾ?"

"ಎಂತ ಒರೆಸುವುದು? ಒರೆಸಬೇಕಾಗ್ತದೆ ಅಂತ ಅವರು ಮನೆಯಲ್ಲಿ ಸ್ನಾನ ಮಾಡುವುದನ್ನೇ ಬಿಟ್ಟಿದ್ದಾರೆ. ಜಿಮ್‌ಗೆ ಸೇರಿದ್ದಾರೆ. ಅಲ್ಲೇ ಸ್ನಾನ ಮಾಡಿ ಬರ್ತಾರೆ." ಆಮೇಲೆ ಅವರೇ ಸೇರಿಸಿದರು, "ಒಳ್ಳೆಯದೇ ಆಯ್ತು, ಹೊಟ್ಟೆ ಸ್ವಲ್ಪ ಇಳಿದಿದೆ."

ತಂಗಿಯ ಮನೆಗೆ ಅವರು ಬಾಗಿಲಿಲ್ಲದ ಒಂದೇ ಗಾಜಿನ ತಡಿಕೆ ಆರಿಸಿದರು. ನೀರು ಹೊರಗೆ ಸಿಡಿಯದಷ್ಟು ಅಗಲ, ಕೈ ಚಾಚಿದರೆ ಎರಡೂ ಬದಿ ಸಿಗುವಂತೆ. ಅದಕ್ಕೆ ಕಾಲುವೆ ಇಲ್ಲ, ಚಕ್ರವಿಲ್ಲ, ರಬ್ಬರ್ ಪಟ್ಟಿ ಇಲ್ಲ. ಅಂದಿನಿಂದ ನಾನು ಎಲ್ಲರಿಗೂ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಇನ್ನು ಉಮ್ ರಾಶಿದ್ ಅವರ ವಿಷಯ. ನನ್ನ ಕೆಲಸದ ರೀತಿಯನ್ನು ಬದಲಿಸಿದವರು ಅವರು. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಒಂದು ಮಧ್ಯಾಹ್ನ ರಾಶಿದ್ ಎಂಬ ಸ್ಥಳೀಯ ಅರಬ್ಬಿ ಗೃಹಸ್ಥರು ತಾಯಿಯನ್ನು ಕೈಹಿಡಿದು ಕರೆತಂದರು. ಹಿರಿಯ ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ಅಲ್ಲಿನ ಪದ್ಧತಿ, ಹಾಗಾಗಿ ಆಕೆ ಎಲ್ಲರಿಗೂ ಉಮ್ ರಾಶಿದ್, ಅಂದರೆ ರಾಶಿದನ ಅಮ್ಮ. ಕಪ್ಪು ಅಬಾಯ ನಿಲುವಂಗಿ, ಕೈಯಲ್ಲಿ ಊರುಗೋಲು, ಮೆಹಂದಿ ಹಚ್ಚಿದ ಬೆರಳು. ಖಾಲಿದಿಯಾದಲ್ಲಿ ಅವರ ವಿಲ್ಲಾ. ಅಲ್ಲಿ ಬಾತ್‌ಟಬ್ಬಿನ ಅಂಚು ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಈಗ ನಡೆಯುತ್ತಿದ್ದರು. ಆದರೆ ಸ್ನಾನಕ್ಕೆ ಒಬ್ಬರೇ ಹೋಗಲು ಮನೆಯವರು ಬಿಡುತ್ತಿರಲಿಲ್ಲ. ಮಗಳಾಗಲಿ, ಕೆಲಸದವಳಾಗಲಿ ಒಳಗೇ ನಿಂತಿರಬೇಕು. ಇದನ್ನೆಲ್ಲ ರಾಶಿದ್ ಇಂಗ್ಲಿಷಿನಲ್ಲಿ ಮೆಲ್ಲನೆ ಫಾದಿ ಸಾಹೇಬರಿಗೆ ವಿವರಿಸುತ್ತಿದ್ದರು. ತಾಯಿಗೆ ಅತ್ಯುತ್ತಮವಾದದ್ದೇ ಬೇಕು ಎಂದರು.

ಉಮ್ ರಾಶಿದ್ ನನ್ನ ತೋಳು ತಟ್ಟಿದರು. ನಮ್ಮಂಥವರ ಜೊತೆ ಅವರ ಮಾತು ಹಿಂದಿ, ಅರಬ್ಬಿ, ಕೈಸನ್ನೆ ಎಲ್ಲ ಕಲಸಿದ್ದು. "ಇವನು ನನ್ನ ವಿಷಯ ಹೇಳ್ತಿದ್ದಾನಾ?"

"ಹೌದು ಉಮ್ಮಿ."

"ಕಾರ್ ತಗೊಳ್ಳುವಾಗಲೂ ಹೀಗೇ. ಹಿಂದೆ ಕೂರುವುದು ನಾನು. ಸೀಟ್ ಹೇಗಿದೆ ಅಂತ ಕೇಳುವುದು ಡ್ರೈವರ್ ಹತ್ತಿರ."

ಅಷ್ಟರಲ್ಲಿ ಫಾದಿ ಸಾಹೇಬರು ಎಲ್ಲರನ್ನೂ ಸುಲ್ತಾನನ ಮುಂದೆ ನಿಲ್ಲಿಸಿ ಬಾಗಿಲು ಸರಿಸಿದರು. ಎಲೆ ಒತ್ತಿ ನೀಲಿ ದೀಪ ಹೊತ್ತಿಸಿದರು. ಉಮ್ ರಾಶಿದ್ ನೆಲ ನೋಡಿ, "ನೀರು ಚೆಲ್ಲಿದೆಯಲ್ಲ?" ಎಂದರು. ನೀರಲ್ಲ, ಅದರ ಹೊಳಪೇ ಹಾಗೆ ಎಂದು ಫಾದಿ ಸಾಹೇಬರು ಹೆಮ್ಮೆಯಿಂದ ಹೇಳಿದರು. ಉಮ್ ರಾಶಿದ್ ಊರುಗೋಲಿನಿಂದ ನೆಲವನ್ನು ಒತ್ತಿದರು. ಕೋಲು ಸರ್ರನೆ ಜಾರಿತು. "ಇದರ ಮೇಲೆ ಆಡು ಕೂಡ ನಿಲ್ಲುವುದಿಲ್ಲ" ಎಂದರು.

ಫಾದಿ ಸಾಹೇಬರು ಹನಿಯ ಬಟನ್, ಎಲೆಯ ಬಟನ್ ಎಂದು ವಿವರಿಸತೊಡಗಿದರು. ಮುದುಕಿಯ ಮುಖ ನೋಡುತ್ತಿದ್ದ ನನಗೆ ಒಂದು ಕ್ಷಣಕ್ಕೆ ಏನನ್ನಿಸಿತೋ, "ಉಮ್ಮಿ, ಇದರಲ್ಲಿ ಸ್ನಾನ ಮಾಡಿ ನೋಡಿ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಅಂದರೆ, ನೀರಿಲ್ಲದೆ. ಬಟ್ಟೆ ಹಾಕಿಕೊಂಡೇ. ಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೆ, ಸುಮ್ಮನೆ."

ಅವರಿಗೆ ಅದು ತಟ್ಟನೆ ಹಿಡಿಸಿತು. ನಾನು ಬಾಗಿಲ ಬಳಿಯ ರಬ್ಬರ್ ಚಾಪೆಯನ್ನು ತಂದು ಒಳಗೆ ಹಾಸಿ, ತೋಳು ಹಿಡಿದು ಹತ್ತಿಸಿದೆ. ಊರುಗೋಲನ್ನು ಮಗನ ಕೈಗೆ ಕೊಟ್ಟರು. ಇಲ್ಲದ ಸೋಪನ್ನು ಎರಡೂ ಕೈಯಲ್ಲಿ ಉಜ್ಜಿ, ಶಿರವಸ್ತ್ರದ ಮೇಲೆಯೇ ತಲೆಗೆ ಹಚ್ಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ಈಗ ಕಣ್ಣಿಗೆ ಸೋಪು ಹೋಗಿದೆ. ನೀರು ಎಲ್ಲಿ?" ಎನ್ನುತ್ತ ಕೈಯಿಂದ ಗೋಡೆ ತಡವತೊಡಗಿದರು. ಕೈ ಮೇಲೆ ಹೋಯಿತು, ಕೆಳಗೆ ಬಂತು. ಆ ಹೊತ್ತಿಗೆ ಫಾದಿ ಸಾಹೇಬರು ನೀರು ಹೋಗುವ ಜಾಲರಿಯ ಸೌಂದರ್ಯವನ್ನು ರಾಶಿದರಿಗೆ ತೋರಿಸಲು ಬಾಗಿಲಲ್ಲಿ ಬಗ್ಗಿದ್ದರು. ಮುದುಕಿಯ ಬೆರಳು ಚಂದ್ರನ ಮೇಲೆ ಬಿತ್ತು.

ಚಂದ್ರ ಒತ್ತಿದರೆ ಏನಾಗುತ್ತದೆಂದು ನಮಗೆಲ್ಲ ಅಂದು ತಿಳಿಯಿತು. ಹಿಂದಿನ ಗೋಡೆಯ ಅಷ್ಟೂ ತೂತುಗಳಿಂದ ನೀರು ಒಮ್ಮೆಲೇ ಚಿಮ್ಮಿ, ಪಕ್ಕದಲ್ಲಿ ನಿಂತಿದ್ದ ಉಮ್ ರಾಶಿದರನ್ನು ಬಿಟ್ಟು, ನೇರವಾಗಿ ಫಾದಿ ಸಾಹೇಬರ ಎದೆಗೂ ಮುಖಕ್ಕೂ ಬಡಿಯಿತು. ಅವರು ನೆಟ್ಟಗೆ ನಿಂತರು. ನೀರು ಟೈಗೆ ಬಡಿಯಿತು. ನಾನು ಹೇಗೋ ಕೈ ಚಾಚಿ ಬಟನ್ ಒತ್ತಿ ನಿಲ್ಲಿಸಿದೆ.

ಫಾದಿ ಸಾಹೇಬರು ಕಣ್ಣೊರೆಸಿಕೊಂಡು, ಗಾಂಭೀರ್ಯ ಬಿಡದೆ ಹೇಳಿದರು, "ಮೇಡಂ, ಇದು ಮಸಾಜ್ ಮೋಡ್."

ಉಮ್ ರಾಶಿದ್ ನಗಲು ಶುರು ಮಾಡಿದರು. ಹಾಗೆ ನಗುವುದನ್ನು ತಾನು ನೋಡಿ ಬಹಳ ತಿಂಗಳಾಗಿತ್ತೆಂದು ರಾಶಿದ್ ಆಮೇಲೆ ನನಗೆ ಹೇಳಿದರು. ನಗುನಗುತ್ತ ಮುದುಕಿಯ ಮೈ ವಾಲಿತು. ಹಿಡಿದುಕೊಳ್ಳಲು ಕೈ ಹುಡುಕಿತು. ಗೋಡೆ ನುಣುಪು, ಗಾಜು ನುಣುಪು. ಸೋಪಿಡುವ ಗಾಜಿನ ಹಲಗೆಯನ್ನು ಹಿಡಿದರು, ಅದು ಅವರ ಕೈಗೇ ಕಿತ್ತು ಬಂತು. ನಾನು ಭುಜ ಕೊಟ್ಟೆ. ನನ್ನ ಭುಜ ಹಿಡಿದುಕೊಂಡು, ನಗು ಇನ್ನೂ ಮುಗಿಯದ ದನಿಯಲ್ಲಿಯೇ ಅವರು ಕೇಳಿದರು, "ಇಷ್ಟೆಲ್ಲ ಇದೆ. ಹಿಡಿಯಲು ಎಲ್ಲಿದೆ?"

ಫಾದಿ ಸಾಹೇಬರು ಒದ್ದೆ ಕೋಟಿನಲ್ಲೇ ಸುಲ್ತಾನನ ಒಳಗೆ ಕಣ್ಣಾಡಿಸಿ ನೋಡಿದರು. ಆ ಕೋಣೆಯನ್ನು ಅವರು ಮೊದಲ ಸಲ ಒಬ್ಬ ಮುದುಕಿಯ ಕಣ್ಣಿನಿಂದ ನೋಡಿದ್ದು ಆಗಲೇ ಇರಬೇಕು. "ಕುಳಿತುಕೊಳ್ಳಿ ಮೇಡಂ," ಎಂದರು, "ಮೊದಲಿನಿಂದ ಶುರು ಮಾಡೋಣ."

ಹೀಗೆ ನಮ್ಮ ಅಂಗಡಿಯಲ್ಲಿ ಒಣಸ್ನಾನ ಆರಂಭವಾಯಿತು. ಯಾರೇ ಬಂದರೂ ನಾನು ಅವರನ್ನು ಒಳಗೆ ನಿಲ್ಲಿಸಿ ಬಟ್ಟೆ ಹಾಕಿಕೊಂಡೇ ಸ್ನಾನ ಮಾಡಿಸುತ್ತಿದ್ದೆ. ಕಣ್ಣು ಮುಚ್ಚಿದರೆ ನಲ್ಲಿ ಸಿಗುತ್ತದೆಯೇ? ಕಾಲು ಉಜ್ಜಲು ಬಗ್ಗಿದರೆ ತಲೆ ಎಲ್ಲಿ ತಾಗುತ್ತದೆ? ನೀರಿನ ಕೆಳಗೆ ಹೋಗದೆ, ಹೊರಗಿನಿಂದಲೇ ನಲ್ಲಿ ತಿರುಗಿಸಬಹುದೇ? ಈ ಕೊನೆಯದು ಆ ದೇಶದಲ್ಲಿ ಬಹಳ ಮುಖ್ಯ. ತಾರಸಿಯ ಮೇಲೆ ಟ್ಯಾಂಕ್ ಇರುವ ಮನೆಗಳಲ್ಲಿ ಜುಲೈ ತಿಂಗಳ 'ತಣ್ಣೀರು' ಚಹಾಕ್ಕೆ ಸಾಕಾಗುವಷ್ಟು ಬಿಸಿ. ಜನ ಗೀಸರ್ ಆಫ್ ಮಾಡಿಟ್ಟು ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ತಣ್ಣೀರೆಂದು ಬಳಸುತ್ತಾರೆ. ಎಡ ಯಾವುದು ಬಲ ಯಾವುದು ಎಂದು ಗೊತ್ತಾಗುವ ಮೊದಲೇ ಮೊದಲ ಧಾರೆ ನೆತ್ತಿಗೆ ಬಿದ್ದಿರುತ್ತದೆ.

ಫಾದಿ ಸಾಹೇಬರು ಮೊದಲಿಗೆ "ಇದು ಶೋರೂಮ್ ಮೇಡಂ, ನಾಟಕ ಶಾಲೆಯಲ್ಲ" ಎಂದು ಗೊಣಗಿದರು. ಆಮೇಲೆ ಅವರಿಗೇ ರುಚಿ ಹತ್ತಿತು. ಒಬ್ಬ ಬ್ಯಾಂಕಿನ ಸಾಹೇಬರು ಸಣ್ಣ ಮೂಲೆ ಕ್ಯಾಬಿನ್ನೇ ಬೇಕೆಂದು ಹಟ ಹಿಡಿದಿದ್ದರು. ಒಳಗೆ ಹೋಗಿ ಸೋಪು ಎತ್ತಲು ಬಗ್ಗಿದರು, ಹಿಂಭಾಗ ತಾಗಿ ಬಾಗಿಲು ತೆರೆದುಕೊಂಡಿತು. ಹೊರಬಂದವರೇ ದೊಡ್ಡ ಅಳತೆಯದನ್ನು ಬರೆಸಿದರು. ಮಂಗಳೂರಿನ ಒಬ್ಬ ನರ್ಸ್ ತನ್ನ ಗಂಡನನ್ನು ಒಳಗೆ ಕಳಿಸಿ, "ಟವೆಲ್ ಎಲ್ಲಿ ಹಾಕ್ತೀರಿ, ತೋರಿಸಿ" ಎಂದಳು. ಆತ ಅಭ್ಯಾಸಬಲದಿಂದ ಇಲ್ಲದ ಟವೆಲನ್ನು ನೆಲಕ್ಕೆ ಎಸೆದುಬಿಟ್ಟ. ಅವರ ಜಗಳ ಮುಗಿಯುವವರೆಗೆ ನಾನು ಬೇರೆ ಗಿರಾಕಿಗಳನ್ನು ನೋಡಿಕೊಂಡೆ. ಇನ್ನೊಬ್ಬ ಹಿರಿಯರು ಬೆನ್ನುಜ್ಜುವುದನ್ನು ಎಷ್ಟು ತನ್ಮಯರಾಗಿ ಮಾಡಿದರೆಂದರೆ, ರಸ್ತೆಯಲ್ಲಿ ಹೋಗುವವರು ಗಾಜಿನ ಹೊರಗೆ ನಿಂತು ನೋಡಲು ಶುರು ಮಾಡಿದರು. ಕೆಫೆಟೇರಿಯಾದವನಿಗೆ ಆ ದಿನ ಒಳ್ಳೆಯ ವ್ಯಾಪಾರ.

ಉಮ್ ರಾಶಿದ್ ಮತ್ತೆರಡು ಸಲ ಬಂದು ಒಣಸ್ನಾನ ಮಾಡಿ, ತಮಗೆ ಬೇಕಾದ್ದನ್ನು ತಾವೇ ಆರಿಸಿದರು. ದಾಟಲು ಅಂಚೇ ಇಲ್ಲದ ಸಮ ನೆಲ. ಒದ್ದೆಯಾದರೂ ಕಾಲು ಕಚ್ಚುವ ಒರಟು ಟೈಲ್ಸ್, ತಿಳಿ ಮರಳಿನ ಬಣ್ಣದ್ದು. ಗೋಡೆಗೆ ಮಡಚಿಡುವ ಆಸನ. ಕೂತಲ್ಲಿಗೆ ಕೈಗೆ ಸಿಗುವ, ಮೇಲೆ ಕೆಳಗೆ ಸರಿಸಬಹುದಾದ ಕೈಶವರ್. ಅದರ ರಬ್ಬರ್ ತೂತುಗಳಲ್ಲಿ ಬಿಳಿ ಕರೆ ಕಟ್ಟಿದರೆ ಹೆಬ್ಬೆರಳಿನಿಂದ ಉಜ್ಜಿದರೆ ಸಾಕು. ಬಾಗಿಲಿಲ್ಲದ ಒಂದು ಗಾಜು. ಎರಡು ಗಟ್ಟಿ ಹಿಡಿಕೆ, ಒಂದು ಅಡ್ಡ, ಒಂದು ಉದ್ದ. ನಲ್ಲಿ ಒಳಗೆ ಕಾಲಿಡುವ ಕಡೆಗೇ. "ಚಂದ್ರ ಬೇಡ" ಎಂದು ಫಾದಿ ಸಾಹೇಬರ ಮುಖ ನೋಡಿ ಹೇಳಿದರು.

ಕಾಗದದ ಮೇಲೆ ಎಲ್ಲ ಚಂದವಿತ್ತು. ತೊಂದರೆಯಾದದ್ದು ನೆಲದಲ್ಲಿ. ಅಂಚು ಇಲ್ಲದ ಶವರಿನಲ್ಲಿ ನೀರನ್ನು ತಡೆಯುವುದು ನೆಲದ ಓರೆ ಮಾತ್ರ. ನಮ್ಮ ಕಡೆ ಅದಕ್ಕೆ ವಾಟ ಎನ್ನುತ್ತಾರೆ. ಗಾರೆ ಕೆಲಸವನ್ನು ರಾಶಿದ್ ತಮ್ಮ ಪರಿಚಯದ ಬೇರೆ ಕಂಟ್ರಾಕ್ಟರನಿಗೆ ಕೊಟ್ಟಿದ್ದರು. ಟೈಲ್ಸ್ ಕೂತ ಮೇಲೆ ಹಮೀದಾಕ, ನಾನು, ಫಾದಿ ಸಾಹೇಬರು ನೋಡಲು ಹೋದೆವು. ಇಡೀ ಮನೆಯವರೇ ಬಂದು ನಿಂತಿದ್ದರು. ಹಮೀದಾಕ ಒಂದು ಬಕೆಟ್ ನೀರು ಸುರಿದರು.

ನೀರು ನಡುವೆ ಸ್ವಲ್ಪ ಹೊತ್ತು ನಿಂತು ಯೋಚಿಸಿತು. ಆಮೇಲೆ ಜಾಲರಿಯ ಕಡೆ ಬೆನ್ನು ಹಾಕಿ ಮಲಗುವ ಕೋಣೆಯತ್ತ ಹೊರಟಿತು.

"ಯಾ ಅಲ್ಲಾಹ್, ಕಾರ್ಪೆಟ್!" ಎಂದು ರಾಶಿದರ ತಂಗಿ ಮರ್ಯಮ್ ಕೂಗಿದಳು. ಅದು ತೀರಿಹೋದ ಯಜಮಾನರು ಎಲ್ಲಿಂದಲೋ ತರಿಸಿದ್ದ ಕಾರ್ಪೆಟ್. ನಾನು ಮತ್ತು ಮರ್ಯಮ್ ಓಡಿ ಅದನ್ನು ಸುತ್ತತೊಡಗಿದೆವು. ಫಾದಿ ಸಾಹೇಬರು ಕೋಟು ಕಳಚಿ ಬಾಗಿಲಿಗೆ ಅಡ್ಡ ಹಾಕಿ, ಅದರ ಹಿಂದೆ ತಾವೇ ಮಂಡಿಯೂರಿ ಕೂತರು. ಕಾರ್ಪೆಟ್ ಉಳಿಯಿತು, ಕೋಟು ಉಳಿಯಲಿಲ್ಲ.

ರಾಶಿದ್ ಸಾಮಾನ್ಯವಾಗಿ ದನಿ ಏರಿಸುವವರಲ್ಲ. ಅಂದು ಏರಿಸಿದರು. "ಖಲಾಸ್! ಸಾಕು ಇದೆಲ್ಲ. ಹಳೆಯ ಟಬ್ಬನ್ನೇ ವಾಪಸ್ ಹಾಕಿ. ಅಮ್ಮನಿಗೆ ಒಬ್ಬ ನರ್ಸನ್ನು ಇಡುತ್ತೇನೆ. ದಿನಾ ಅವಳೇ ಸ್ನಾನ ಮಾಡಿಸಲಿ."

ಮಂಚದ ಮೇಲೆ ಕೂತಿದ್ದ ಉಮ್ ರಾಶಿದ್ ಊರುಗೋಲನ್ನು ಕೈಗೆತ್ತಿಕೊಂಡರು. ಅವರ ಕಣ್ಣು ನೆಲದ ಮೇಲಿನ ನೀರಿನ ಮೇಲೆಯೇ ಇತ್ತು. ಇವರು ಈಗ ಹೂಂ ಎಂದರೆ ಇನ್ನು ಬದುಕಿರುವವರೆಗೆ ಇನ್ನೊಬ್ಬರ ಕಣ್ಣೆದುರೇ ಸ್ನಾನ.

"ನರ್ಸನ್ನು ನಿನಗೆ ಇಟ್ಟುಕೋ" ಎಂದರು ಕೊನೆಗೆ. ಊರುಗೋಲು ನೀರನ್ನು ತೋರಿಸಿತು. "ದಾರಿ ತಪ್ಪಿದ್ದು ಅದು. ಅದಕ್ಕೆ ದಾರಿ ತೋರಿಸಿ. ನನ್ನನ್ನು ಯಾಕೆ ಕಟ್ಟಿ ಹಾಕುತ್ತೀ?"

ರಾಶಿದ್ ಬಾಲ್ಕನಿಗೆ ಹೋದರು. ಹಮೀದಾಕ ನನ್ನ ಕಿವಿಯಲ್ಲಿ, "ಬಾಯಮ್ಮ, ಈ ಮುದುಕಿಗೆ ನಾನೇ ವಾಟ ಕೊಡ್ತೇನೆ. ಬೇರೆಯವರ ಕೈಗೆ ಬೇಡ" ಎಂದರು. ನಾನು ಫಾದಿ ಸಾಹೇಬರ ಮುಖ ನೋಡಿದೆ. ಫಿಟ್ಟಿಂಗ್ ಬಿಟ್ಟು ಗಾರೆ ಕೆಲಸಕ್ಕೆ ನಮ್ಮ ಕಂಪನಿ ಕೈ ಹಾಕುತ್ತಿರಲಿಲ್ಲ. ಅವರು ತಮ್ಮ ಒದ್ದೆ ಕೋಟನ್ನು ಹಿಂಡುತ್ತ, "ನಾನೇನೂ ಕೇಳಿಸಿಕೊಳ್ಳಲಿಲ್ಲ. ನನಗೆ ತುಳು ಬರುವುದಿಲ್ಲ" ಎಂದರು.

ಹಮೀದಾಕ ನೆಲ ಒಡೆದು, ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ ನೋಡಿ, ಮಂಡಿಯ ಮೇಲೆ ಕೂತು ಹೊಸದಾಗಿ ಹಾಸಿದರು. ಉಮ್ ರಾಶಿದ್ ದಿನವೂ ಕುರ್ಚಿ ಹಾಕಿಸಿಕೊಂಡು ಎದುರು ಕೂರುತ್ತಿದ್ದರು. ಹಿಡಿಕೆ ಬರುವ ಗೋಡೆ ಟೊಳ್ಳು ಎಂದು ತಟ್ಟಿ ನೋಡಿ ಗೊತ್ತಾದಾಗ, ಅಲ್ಲಿ ಒಡೆದು ಒಳಗೆ ದಪ್ಪ ಹಲಗೆ ಕೂರಿಸಿ, ಅದಕ್ಕೆ ಸ್ಕ್ರೂ ಹಾಕಿದರು. ಶೆರಿಲ್, ಟೈಲ್ಸಿನ ಮೇಲೆ ಅಂಟಿಸುವ, ಗಾಳಿಯಿಂದ ಕಚ್ಚಿಕೊಳ್ಳುವ ಹಿಡಿಕೆಗಳನ್ನು ಯಾರಿಗೂ ಮಾರಬೇಡ. ಅವು ಟವೆಲ್ಲಿಗೆ ಸರಿ, ಮನುಷ್ಯರಿಗಲ್ಲ.

ಹಿಡಿಕೆ ಗಟ್ಟಿಯೇ ಎಂದು ನೋಡುವ ದಿನ ನಾನಿದ್ದೆ. ಹಮೀದಾಕ ಎರಡೂ ಕೈಯಲ್ಲಿ ಅದನ್ನು ಹಿಡಿದು, ಕಾಲು ಮಡಚಿ, ತಮ್ಮ ಇಡೀ ಭಾರ ಹಾಕಿ ನೇತಾಡಿದರು. "ಇನ್ನೂ" ಎಂದರು ಉಮ್ ರಾಶಿದ್. ಇನ್ನೂ ನೇತಾಡಿದರು. ಆಗಲೇ ಅವರ ಜೇಬಿನ ಫೋನ್ ಬಡಿದುಕೊಂಡಿತು. ಒಂದು ಕೈ ಬಿಟ್ಟು ಫೋನ್ ತೆಗೆದು, ಇನ್ನೊಂದು ಕೈಯಲ್ಲಿ ತೂಗುತ್ತಲೇ ಊರಿನ ಹೆಂಡತಿಯ ಜೊತೆ ಮಾತನಾಡಿ, "ಕೆಲಸದಲ್ಲಿದ್ದೇನೆ" ಎಂದು ಇಟ್ಟರು. ಉಮ್ ರಾಶಿದ್ ಕೈತಟ್ಟಿದರು. "ಒಂದು ಕೈಯಲ್ಲೂ ಆಯಿತು. ಸಾಕು, ಇಳಿ" ಎಂದು ಅಪ್ಪಣೆ ಕೊಟ್ಟರು.

ಮತ್ತೆ ಬಕೆಟ್ ಸುರಿದಾಗ ನೀರು ಯೋಚಿಸಲಿಲ್ಲ. ನೇರವಾಗಿ ಗೋಡೆಯ ಬುಡದ ಜಾಲರಿಗೆ ಹೋಯಿತು.

ಮೊದಲ ಸ್ನಾನ ಒಂದು ಶುಕ್ರವಾರ ಬೆಳಿಗ್ಗೆ. ಉಮ್ ರಾಶಿದ್ ನಮ್ಮನ್ನೂ ಬರಹೇಳಿದ್ದರು. ಏನಾದರೂ ಕೈಕೊಟ್ಟರೆ ನೀವೇ ಬಂದು ನೋಡಬೇಕಲ್ಲ ಎಂದು ಅವರ ವಾದ. ಗಂಡಸರು ಕೆಳಗಿನ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ ಕೂತರು. ರಾಶಿದ್, ಹೊಸ ಕೋಟಿನ ಫಾದಿ ಸಾಹೇಬರು, ಖರ್ಜೂರದ ತಟ್ಟೆಯ ಪಕ್ಕ ಹಮೀದಾಕ. ಮೇಲೆ ಮಲಗುವ ಕೋಣೆಯಲ್ಲಿ ನಾನು ಮತ್ತು ಮರ್ಯಮ್. ಮರ್ಯಮ್ ತಾಯಿಯ ಜೊತೆ ಒಳಗೆ ಹೋಗಲು ಹೊರಟಳು. ಮುದುಕಿ ಅವಳ ಎದೆಗೆ ಊರುಗೋಲು ಅಡ್ಡ ಹಿಡಿದು, ಆಮೇಲೆ ಅದೇ ಕೋಲನ್ನು ಅವಳ ಕೈಯಲ್ಲೇ ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

"ಚಿಲಕ ಹಾಕಿಕೊಂಡಳು!" ಮರ್ಯಮ್ ನನ್ನ ಕೈ ಹಿಡಿದುಕೊಂಡಳು.

"ಹೊರಗಿನಿಂದ ತೆರೆಯಬಹುದು. ಹಮೀದಾಕ ಅಂಥ ಚಿಲಕವನ್ನೇ ಹಾಕಿದ್ದಾರೆ" ಎಂದೆ. ಹೇಳಿದೆ ನಿಜ, ನನ್ನ ಕಿವಿಯೂ ಬಾಗಿಲಿಗೇ ಅಂಟಿತ್ತು.

ಆಸನ ಬಿಡಿಸಿದ ಸದ್ದು. ನಲ್ಲಿ ತಿರುಗಿದ ಸದ್ದು. ನೀರು. ಆಮೇಲೆ ನೀರು ನಿಂತಿತು, ಏನೂ ಇಲ್ಲ. ಸೋಪು ಹಚ್ಚುತ್ತಿರಬೇಕು ಎಂದುಕೊಂಡೆವು. ಆ ಮೌನ ಮುಗಿಯಲೇ ಇಲ್ಲ. ಕೆಳಗಿನಿಂದ ರಾಶಿದ್ ಮೆಟ್ಟಿಲ ಬುಡಕ್ಕೆ ಬಂದು "ಆಯಿತಾ?" ಎಂದು ಕೂಗಿ ಕೇಳಿದರು. ಮರ್ಯಮ್ ಮೆಟ್ಟಿಲ ತುದಿಗೆ ಹೋಗಿ ಇಲ್ಲವೆಂದು ಕೈಯಾಡಿಸಿ ಬಂದಳು. ಮತ್ತೆ ನೀರು ಶುರುವಾಯಿತು. ಅದರ ಜೊತೆಗೆ ಇನ್ನೊಂದು ಸದ್ದು, ತೆಳುವಾಗಿ, ಮೇಲೆ ಕೆಳಗೆ ಏಳುತ್ತ ಬೀಳುತ್ತ. ಮುದುಕಿ ಏನನ್ನೋ ಗುನುಗುತ್ತಿದ್ದರು. ಮರ್ಯಮ್ ಕಣ್ಣೊರೆಸಿಕೊಂಡು ಮಂಚದ ಮೇಲೆ ಕೂತುಬಿಟ್ಟಳು.

ಗುನುಗು ತಟ್ಟನೆ ನಿಂತಿತು.

"ಹಿಲ್ಡಾ?" ಒಳಗಿನಿಂದ ದನಿ ಬಂತು. "ಅಲ್ಲೇ ನಿಂತಿದ್ದೀಯಾ?"

"ಇದ್ದೇನೆ ಉಮ್ಮಿ. ಏನು ಬೇಕು?"

"ಏನೂ ಬೇಡ. ಹೋಗು. ಅವಳನ್ನೂ ಕರೆದುಕೊಂಡು ಹೋಗು."

ನಾವಿಬ್ಬರೂ ಬೆಕ್ಕಿನಂತೆ ಹೆಜ್ಜೆಯಿಡುತ್ತ ಕೆಳಗಿಳಿದೆವು. ಮಜ್ಲಿಸಿನಲ್ಲಿ ಮೂವರೂ ಒಟ್ಟಿಗೆ ಎದ್ದು ನಿಂತರು. ಫಾದಿ ಸಾಹೇಬರು ಕಾಫಿಯ ಪುಟ್ಟ ಬಟ್ಟಲನ್ನು ಕೆಳಗಿಟ್ಟು ಕೇಳಿದರು, "ಏನಾಯಿತು? ಏನಂದರು?"

"ಹೋಗು ಅಂದರು" ಎಂದೆ.

ರಾಶಿದ್ ನಿಧಾನವಾಗಿ ಕೂತು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು, ಎಲ್ಲರ ಬಟ್ಟಲಿಗೂ ತಾವೇ ಕಾಫಿ ಬಗ್ಗಿಸಿದರು. ನಾವು ಅದನ್ನು ಕುಡಿದು ಮುಗಿಸಿದೆವು. ಮೇಲೆ ಇನ್ನೂ ನೀರು ಬೀಳುತ್ತಿತ್ತು. ಮತ್ತೊಂದು ಸುತ್ತು ಕುಡಿದೆವು. ಆಗಲೂ ಬೀಳುತ್ತಿತ್ತು.

ಹಮೀದಾಕ ಕೊನೆಯ ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದರು. "ಇದು ಈಗ ಮುಗಿಯುವ ಸ್ನಾನ ಅಲ್ಲ ಬಾಯಮ್ಮ," ಎಂದರು, "ನಾವು ಹೋಗುವಾ."